ಕೆಟ್ಟಿರುವುದು ಯಾವುದು?

ಒಂದು ವಸ್ತು ಕೆಲಸ ಮಾಡದೆ ನಿಂತಾಗ ‘ಅದು ಹೋಯಿತು’ ಎಂದುಬಿಡುವುದು ಬಹು ಸುಲಭ. ‘ಅದರಲ್ಲಿ ಎಲ್ಲಿಯವರೆಗೆ ಸರಿಯಾಗಿದೆ, ಎಲ್ಲಿಂದ ಮುಂದೆ ಕೆಟ್ಟಿದೆ?’ ಎಂದು ಕೇಳುವುದು ಕಷ್ಟ. ಮೊದಲನೆಯ ಮಾತಿಗೆ ನಾಲಗೆಯೊಂದಿದ್ದರೆ ಸಾಕು. ಎರಡನೆಯದಕ್ಕೆ ತಾಳ್ಮೆ ಬೇಕು, ಕ್ರಮ ಬೇಕು, ಕಣ್ಣಾರೆ ಕಂಡದ್ದನ್ನೂ ಮನಸ್ಸಿನಲ್ಲಿ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವ ವಿವೇಕ ಬೇಕು. ಈ ಎರಡನೆಯ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿವೃಂದದಲ್ಲಿ ಕಡಿಮೆಯಾಗುತ್ತಿದೆಯೆಂದೂ, ಅದನ್ನು ಮತ್ತೆ ಬೆಳೆಸಿಕೊಳ್ಳಲು ಕಲಾ ಶಾಖೆಯ ನಾವೇ ಮುಂದಾಗಬೇಕೆಂದೂ ನನ್ನ ಅಲ್ಪಮತಿಗೆ ತೋರಿದೆ. ಅದನ್ನೇ ಇಲ್ಲಿ ನಿವೇದಿಸಬಯಸುತ್ತೇನೆ. ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ತೀರ ಸಣ್ಣದು: ಬಿಡಿಭಾಗಗಳನ್ನು ತಂದು ಜೋಡಿಸಿದ ಒಂದು ಗಣಕಯಂತ್ರದಲ್ಲಿ ಬ್ಲೂಟೂತ್ ಎಂಬ ನಿಸ್ತಂತು ಸಂಪರ್ಕ ಸಿಗದೆ ಹೋದುದು.

‘ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಅದೂ ಕಲಾ ಮಹಾವಿದ್ಯಾಲಯದ ಸಂಚಿಕೆಯಲ್ಲಿ, ಇದೆಂಥ ರಿಪೇರಿಯ ಪುರಾಣ?’ ಎಂದು ಕೆಲವರು ಹುಬ್ಬೇರಿಸಬಹುದು. ಕಾವ್ಯ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದುವವರಿಗೆ ತಿರುಪು, ತಂತಿಗಳ ಗೊಡವೆ ಏಕೆಂದು ಕೇಳಲೂಬಹುದು. ಅಂಥವರು ದಯವಿಟ್ಟು ತಮ್ಮ ಮನೆಯ ಹಿರಿಯರನ್ನೇ ನೆನೆಯಲಿ. ಹೊಲದ ಬೋರಿನಲ್ಲಿ ನೀರು ಬಾರದೆ ಹೋದರೆ ನಮ್ಮ ಕಡೆಯ ಯಾವ ರೈತನೂ ಮರುದಿನವೇ ಹೊಸ ಮೋಟಾರು ತರಲು ಹೊರಡುವುದಿಲ್ಲ. ಕರೆಂಟು ಇದೆಯೇ ಎಂದು ನೋಡುತ್ತಾನೆ. ಮೂರೂ ಫೇಸು ಬಂದಿವೆಯೇ ಎಂದು ನೋಡುತ್ತಾನೆ. ಫ್ಯೂಜು ಹೋಗಿದೆಯೇ, ಸ್ಟಾರ್ಟರು ಹಿಡಿಯುತ್ತದೆಯೇ, ಪೈಪು ಎಲ್ಲಿಯಾದರೂ ಒಡೆದಿದೆಯೇ ಎಂದು ಒಂದೊಂದಾಗಿ ನೋಡುತ್ತ ಬರುತ್ತಾನೆ. ಮೋಟಾರನ್ನು ಮೇಲಕ್ಕೆ ಎತ್ತಿಸುವುದು ಎಲ್ಲಕ್ಕಿಂತ ಕೊನೆಯ ಮಾತು. ಏಕೆಂದರೆ ಅದಕ್ಕೆ ಖರ್ಚು ಹೆಚ್ಚು. ಶಾಲೆಯ ಮೆಟ್ಟಿಲು ಹತ್ತದವನೂ ಬಲ್ಲ ಈ ಕ್ರಮವನ್ನು ಅವನ ಮಗ ಪದವಿ ತರಗತಿಗೆ ಬಂದು ಗಣಕಯಂತ್ರದ ಮುಂದೆ ಕುಳಿತಾಗ ಮರೆತುಬಿಡುತ್ತಾನೆ. ಯಂತ್ರದ ಹೊದಿಕೆ ಹೊಳೆಯುತ್ತಿರುವುದರಿಂದಲೋ, ಅದರ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೂಡುವುದರಿಂದಲೋ, ಅವನಿಗೆ ಅದರ ಮುಂದೆ ಮಾತೇ ಹೊರಡುವುದಿಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ಕಡೆಗಳಿಂದ ಬರುವ ನಮ್ಮ ವಿದ್ಯಾರ್ಥಿಗಳ ಪೈಕಿ ಕೆಲವರ ಮನೆಗಳಲ್ಲಿ ಇಂದು ಜೋಡಿಸಿದ ಗಣಕಯಂತ್ರಗಳಿವೆ. ಮಡಿಲಲ್ಲಿಟ್ಟುಕೊಳ್ಳುವ ಲ್ಯಾಪ್‌ಟಾಪಿಗೆ ಹಣ ಸಾಲದವರು, ಅಥವಾ ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಿಕೊಳ್ಳಬಹುದೆಂದು ಲೆಕ್ಕ ಹಾಕಿದವರು, ಪೆಟ್ಟಿಗೆಯೊಂದು ಕಡೆ, ಪರದೆಯೊಂದು ಕಡೆ ಎಂದು ಕೂಡಿಸಿ ಕಟ್ಟಿಸಿಕೊಂಡಿದ್ದಾರೆ. ಇದು ಜಾಣತನದ ಕೆಲಸವೇ. ಆದರೆ ಇದರಲ್ಲಿ ಒಂದು ತೊಡಕುಂಟು. ಸಿದ್ಧವಾಗಿ ಬಂದ ಯಂತ್ರಕ್ಕೆ ಒಬ್ಬ ತಯಾರಕ ಇರುತ್ತಾನೆ. ಹತ್ತು ಕಡೆಯ ಹತ್ತು ಭಾಗ ಕೂಡಿದ ಯಂತ್ರಕ್ಕೆ ಇಡಿಯಾಗಿ ಹೊಣೆ ಹೊರುವವರು ಯಾರೂ ಇರುವುದಿಲ್ಲ. ಕೆಟ್ಟಾಗ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಕೊಂಡ ಪಟ್ಟಣಕ್ಕೆ ಒಯ್ಯಬೇಕು. ಶಿಗ್ಗಾವಿಯವರಿಗೆ ಹುಬ್ಬಳ್ಳಿ ಹೆದ್ದಾರಿಯ ದಾರಿ, ಅರ್ಧ ದಿನದಲ್ಲಿ ಮುಗಿದೀತು. ಹಿರೇಕೆರೂರಿನ ಹಳ್ಳಿಗಳವರಿಗೆ ಇಡೀ ದಿನ ಬೇಕು. ಒಂದು ದಿನವೆಂದರೆ ಒಂದು ದಿನದ ಪಾಠ, ಒಂದು ದಿನದ ಕೂಲಿ, ಬಸ್ಸಿನ ಖರ್ಚು. ಆದುದರಿಂದ ಕೆಟ್ಟಿರುವುದು ಯಾವುದೆಂದು ಮನೆಯಲ್ಲಿಯೇ ತಿಳಿದುಕೊಳ್ಳುವುದು ನಮ್ಮ ಪಾಲಿಗೆ ಹವ್ಯಾಸವಲ್ಲ, ಅಗತ್ಯ.

ಈಗ ಬ್ಲೂಟೂತಿನ ವಿಚಾರಕ್ಕೆ ಬರೋಣ. ಈ ಹೆಸರಿನ ಹಿಂದೆ ಇತಿಹಾಸದ ವಿದ್ಯಾರ್ಥಿಗಳಿಗೆ ರುಚಿಸುವ ಸಂಗತಿಯೊಂದಿದೆ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಎಂಬ ಅರಸನಿದ್ದನು. ‘ನೀಲಿ ಹಲ್ಲಿನವ’ ಎಂಬುದು ಅವನಿಗಿದ್ದ ಅಡ್ಡಹೆಸರು. ಬೇರೆ ಬೇರೆಯಾಗಿದ್ದ ಜನರನ್ನು ಒಂದುಗೂಡಿಸಿದವನೆಂದು ಅವನ ಖ್ಯಾತಿ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ೧೯೯೪ರ ಸುಮಾರಿಗೆ ಮೊದಲಾದ ಸಣ್ಣ ಅಂತರದ ನಿಸ್ತಂತು ಸಂಪರ್ಕದ ಕೆಲಸಕ್ಕೆ ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್ ಎಂಬವರು ೧೯೯೭ರಲ್ಲಿ ಈ ಅರಸನ ಹೆಸರನ್ನು ಸೂಚಿಸಿದರು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ಉಪಾಯಕ್ಕೆ ಅದು ಒಪ್ಪುವ ಹೆಸರೇ ಸರಿ. ೧೯೯೮ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೊಷಿಬಾ ಕಂಪನಿಗಳು ಸೇರಿ ಇದಕ್ಕಾಗಿಯೇ ಒಂದು ಸಂಘ ಕಟ್ಟಿದವು. ನಮ್ಮ ಫೋನಿನ ಮೇಲೆ ನಾವು ದಿನವೂ ಕಾಣುವ ಆ ಚಿಹ್ನೆ ಬೇರೇನೂ ಅಲ್ಲ. ಹರಾಲ್ಡನ ಹೆಸರಿನ ಎರಡು ಮೊದಲಕ್ಷರಗಳನ್ನು ಆ ನಾಡಿನ ಹಳೆಯ ಲಿಪಿಯಲ್ಲಿ ಒಂದರ ಮೇಲೊಂದು ಕೂಡಿಸಿ ಬರೆದದ್ದು.

ಈ ಸಂಪರ್ಕ ನಡೆಯುವುದು ೨೪೦೨ರಿಂದ ೨೪೮೦ ಮೆಗಾಹರ್ಟ್ಸ್ ವರೆಗಿನ ರೇಡಿಯೋ ಅಲೆಗಳಲ್ಲಿ. ಇದೇ ಬಯಲಿನಲ್ಲಿ ವೈಫೈ ಕೂಡ ಸಂಚರಿಸುತ್ತದೆ, ಅಡಿಗೆಯ ಮೈಕ್ರೋವೇವ್ ಒಲೆಯೂ ಗದ್ದಲ ಹಾಕುತ್ತದೆ. ಇಷ್ಟು ಜನಸಂದಣಿಯಲ್ಲಿ ಮಾತು ಕೆಡದಂತೆ ನೋಡಿಕೊಳ್ಳಲು ಬ್ಲೂಟೂತ್ ಒಂದೇ ಕಡೆ ನಿಲ್ಲುವುದಿಲ್ಲ. ಧ್ವನಿಯನ್ನು ಸಾಗಿಸುವ ಬಗೆಯಲ್ಲಿ ೭೯ ದಾರಿಗಳಿದ್ದು, ಸೆಕೆಂಡಿಗೆ ೧೬೦೦ ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಈ ಬಗೆಯ ಜಿಗಿತಕ್ಕೆ ೧೯೪೨ರ ಆಗಸ್ಟ್ ೧೧ರಂದು ಅಮೆರಿಕೆಯಲ್ಲಿ ಪೇಟೆಂಟ್ ಪಡೆದವರಲ್ಲಿ ಇಬ್ಬರ ಕಸುಬು ಕೇಳಿದರೆ ನಮ್ಮ ಕಲಾ ವಿದ್ಯಾರ್ಥಿಗಳಿಗೆ ಹೆಮ್ಮೆಯಾಗಬೇಕು. ಒಬ್ಬಳು ಹೆಡಿ ಲಮಾರ್ ಎಂಬ ಚಿತ್ರನಟಿ. ಇನ್ನೊಬ್ಬನು ಜಾರ್ಜ್ ಆಂಥೈಲ್ ಎಂಬ ಸಂಗೀತ ರಚನಕಾರ. ನೀರೊಳಗೆ ಸಾಗುವ ಟಾರ್ಪಿಡೋಗಳಿಗೆ ಕೊಡುವ ರೇಡಿಯೋ ಆಜ್ಞೆಯನ್ನು ವೈರಿಗಳು ಕೆಡಿಸಬಾರದೆಂದು ಅವರು ಈ ಉಪಾಯ ಹೂಡಿದರು. ಪಿಯಾನೋ ವಾದ್ಯದ ಮನೆಗಳೆಷ್ಟೋ ಅಷ್ಟು, ಎಂದರೆ ೮೮ ದಾರಿಗಳ ಮೇಲೆ ಜಿಗಿಯುವ ಏರ್ಪಾಡನ್ನು ಅದರಲ್ಲಿ ಕಾಣಿಸಿದರು. ಇಂದಿನ ಬ್ಲೂಟೂತಿಗೆ ಅವರೊಬ್ಬರೇ ಮೂಲಪುರುಷರೆಂದು ನಾನು ಹೇಳುತ್ತಿಲ್ಲ. ನಾಟಕ, ಸಂಗೀತಗಳ ಮನಸ್ಸಿಗೆ ಯಂತ್ರದ ಬಾಗಿಲು ಮುಚ್ಚಿರುವುದಿಲ್ಲವೆಂಬುದಷ್ಟೇ ನನ್ನ ತಾತ್ಪರ್ಯ.

ಜೋಡಿಸಿದ ಗಣಕಯಂತ್ರಕ್ಕೆ ಈ ಸೌಕರ್ಯ ಬೇಕೆಂದರೆ ಸಾಮಾನ್ಯವಾಗಿ ಒಂದು ನಿಸ್ತಂತು ಕಾರ್ಡನ್ನು ಅದರ ಮದರ್‌ಬೋರ್ಡಿಗೆ ಚುಚ್ಚುತ್ತಾರೆ. ಆ ಒಂದೇ ಕಾರ್ಡಿನಲ್ಲಿ ವೈಫೈಯೂ ಬ್ಲೂಟೂತೂ ಇರುತ್ತವೆ. ಇಲ್ಲಿಯೇ ಇದೆ ಎಲ್ಲ ಗೊಂದಲದ ಮೂಲ. ಕಾರ್ಡು ಒಂದೇ ಆದರೂ ಒಳಗಿರುವವು ಎರಡು. ವೈಫೈಯ ಮಾತು ಕಾರ್ಡು ಕುಳಿತ ಪಿಸಿಐ ಎಕ್ಸ್‌ಪ್ರೆಸ್ ಗಾಳದ ಮೂಲಕ ಸಾಗುತ್ತದೆ. ಬ್ಲೂಟೂತಿನ ಮಾತು ಯುಎಸ್‌ಬಿಯ ದಾರಿಯಿಂದ ಸಾಗುತ್ತದೆ. ಅದಕ್ಕಾಗಿ ಕಾರ್ಡಿನ ಬೆನ್ನಿನಿಂದ ಒಂದು ತೆಳುವಾದ ತಂತಿ ಹೊರಟು, ಮದರ್‌ಬೋರ್ಡಿನ ಅಂಚಿನಲ್ಲಿರುವ ಒಂಬತ್ತು ಮೊಳೆಗಳ ಯುಎಸ್‌ಬಿ ಕೊಂಡಿಗೆ ಸೇರಬೇಕು. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಇವು ಒಂದೇ ಮಾಳಿಗೆಯ ಕೆಳಗೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರು. ಅಣ್ಣನ ಒಲೆಯಲ್ಲಿ ಹೊಗೆ ಎದ್ದಿತೆಂದ ಮಾತ್ರಕ್ಕೆ ತಮ್ಮನ ಮನೆಯಲ್ಲಿ ಅಡಿಗೆಯಾಗಿದೆಯೆಂದು ತಿಳಿಯಬಾರದು. ತಮ್ಮನ ಒಲೆ ತಣ್ಣಗಿದೆಯೆಂದು ಮನೆಯನ್ನೇ ಕೆಡವಲೂಬಾರದು. ಮದರ್‌ಬೋರ್ಡಿನಲ್ಲಿಯೇ ವೈಫೈ ಕಾರ್ಡಿಗೆಂದು ಸಣ್ಣ ಗೂಡು ಇದ್ದರೆ ಎರಡೂ ದಾರಿಗಳು ಆ ಗೂಡಿನೊಳಗೇ ಇರುತ್ತವೆ, ತಂತಿಯ ಕೆಲಸವಿರುವುದಿಲ್ಲ. ಹೊರಗಿನಿಂದ ಚುಚ್ಚುವ ಕಾರ್ಡಿಗೆ ಮಾತ್ರ ತಂತಿ ಬೇಕೇ ಬೇಕು.

ಈಗ ನಾನು ಕಂಡ ಸಂಗತಿ. ಹಿರೇಕೆರೂರು ತಾಲೂಕಿನ ಹಳ್ಳಿಯೊಂದರಿಂದ ಬರುವ ನನ್ನ ಗೆಳೆಯನೊಬ್ಬ ತನ್ನ ಅಜ್ಜಿಯೂ ಆಕೆಯ ಓರಗೆಯವರೂ ಹಾಡುವ ಬೀಸುವ ಪದ, ಸೋಬಾನೆ ಪದಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬರೆದಿಡುತ್ತಿದ್ದನು. ಹಗಲು ಹೊಲ, ಕಾಲೇಜು, ಬರೆಯುವುದು ರಾತ್ರಿ. ಮನೆಯೋ ಒಂದೇ ಪಡಸಾಲೆ. ಎಲ್ಲರೂ ಮಲಗಿದ ಮೇಲೆ ಹಾಡು ಹಾಕಿ ಕೇಳುವಂತಿಲ್ಲ. ಅವನಲ್ಲಿದ್ದದ್ದು ಕೊರಳಿಗೆ ಹಾಕಿಕೊಳ್ಳುವ ನಿಸ್ತಂತು ಇಯರ್‌ಫೋನು. ಅದಕ್ಕೆ ಚಾರ್ಜಿನ ತೂತಿನ ಹೊರತು ತಂತಿ ಚುಚ್ಚಲು ಬೇರೆ ತೂತೇ ಇಲ್ಲ. ಅದನ್ನು ನಂಬಿಕೊಂಡು ತನ್ನ ಯಂತ್ರಕ್ಕೆ ಬ್ಲೂಟೂತ್ ಇರುವ ಕಾರ್ಡು ಹಾಕಿಸಿದ್ದನು. ವೈಫೈ ನಡೆಯಿತು; ಬ್ಲೂಟೂತ್ ಎಂಬ ಹೆಸರೇ ಪರದೆಯಲ್ಲಿ ಕಾಣಲಿಲ್ಲ. ಪಟ್ಟಣದ ಅಂಗಡಿಗೆ ಒಯ್ದರೆ, “ಕಾರ್ಡ್ ಹೋಗೇತ್ರಿ, ಹೊಸಾದು ಹಾಕಬೇಕ್ರಿ” ಎಂಬ ಉತ್ತರ ಬಂದಿತು. ಎರಡು ಸಾವಿರಕ್ಕೆ ಸಮೀಪದ ಹಣ ಕೊಟ್ಟು ಹೊಸ ಕಾರ್ಡು ಹಾಕಿಸಿದರೂ ಸ್ಥಿತಿ ಅದೇ. ಎರಡನೆಯ ಸಲ ಹೋದಾಗ, “ಹಂಗಾರ ಬೋರ್ಡೇ ಹೋಗಿರಬೇಕ್ರಿ” ಎಂದರು. ಬೋರ್ಡೆಂದರೆ ಏಳೆಂಟು ಸಾವಿರದ ಮಾತು. ಆ ವರ್ಷ ಗೋವಿನಜೋಳ ಕೈಕೊಟ್ಟಿತ್ತು. ಗೆಳೆಯನ ತಂದೆ ಏನನ್ನೂ ಬೈಯಲಿಲ್ಲ. “ಇದ್ದದ್ದು ಮಾರಿ ಬಿಡೋಣಪಾ, ನಮ್ಮಂಥವರಿಗೆ ಇದು ಒಗ್ಗೂದಿಲ್ಲ” ಎಂದರಷ್ಟೇ. ಗೆಳೆಯನೂ ಪದ ಬರೆಯುವ ಕೆಲಸವನ್ನು ನಿಲ್ಲಿಸಿಬಿಡುವ ಯೋಚನೆಯಲ್ಲಿದ್ದನು.

ನಾನು ಒಂದು ರವಿವಾರ ಅವನಲ್ಲಿಗೆ ಹೋದೆನು. ನನಗೆ ಯಂತ್ರಶಾಸ್ತ್ರದ ಯಾವ ಪದವಿಯೂ ಇಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದೆವು, ಅಷ್ಟೇ. ಇಯರ್‌ಫೋನು ಫೋನಿನೊಡನೆ ನಡೆಯುತ್ತದೆಯೇ? ನಡೆಯುತ್ತದೆ, ಹಾಗಾದರೆ ಅದು ಕೆಟ್ಟಿಲ್ಲ. ಯಂತ್ರದ ‘ಡಿವೈಸ್ ಮ್ಯಾನೇಜರ್’ ಎಂಬ ಪಟ್ಟಿಯಲ್ಲಿ ಬ್ಲೂಟೂತ್ ಎಂಬ ಶೀರ್ಷಿಕೆಯಾದರೂ ಇದೆಯೇ? ಇಲ್ಲ. ಹಳದಿ ಗುರುತಿನ ಅಪರಿಚಿತ ವಸ್ತುವಾದರೂ ಇದೆಯೇ? ಅದೂ ಇಲ್ಲ. ಅಂದಮೇಲೆ ಯಂತ್ರಕ್ಕೆ ಬ್ಲೂಟೂತ್ ಕೆಟ್ಟಿದೆಯೆಂದಲ್ಲ, ಅದು ಇದೆಯೆಂಬ ಸುದ್ದಿಯೇ ಮುಟ್ಟಿಲ್ಲ. ಸುದ್ದಿ ಮುಟ್ಟಿಸುವ ದಾರಿ ಯಾವುದು? ಆ ತಂತಿ. “ತಮ್ಮಾ, ಬಿಚ್ಚಿದ್ದು ಮತ್ತ ಕೂಡತೈತೇನು?” ಎಂದು ಅವನ ತಂದೆ ಕೇಳಿದರು. ಕರೆಂಟಿನ ವೈರು ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಪಕ್ಕದ ತಗಡು ಸರಿಸಿದೆವು. ಕಾರ್ಡಿನ ಬೆನ್ನಿನ ಕೊಂಡಿ ಬರಿದಾಗಿತ್ತು. ತಂತಿ ಎಲ್ಲಿ? ಹಳೆಯ ಕಾರ್ಡು ಬಂದಿದ್ದ ರಟ್ಟಿನ ಡಬ್ಬಿಯಲ್ಲಿ, ಕಟ್ಟಿದ ದಾರವನ್ನೂ ಬಿಚ್ಚದೆ, ಹಾಗೆಯೇ ಕುಳಿತಿತ್ತು! ಹೊಸ ಕಾರ್ಡಿನದೂ ಅದರ ಡಬ್ಬಿಯಲ್ಲಿಯೇ ಇತ್ತು. ಎರಡು ಸಲ ಕಾರ್ಡು ಹಾಕಿದ್ದಾಯಿತು, ಒಂದು ಸಲವೂ ತಂತಿ ಕೂಡಲಿಲ್ಲ. ಮದರ್‌ಬೋರ್ಡಿನ ಕೆಳ ಅಂಚಿನಲ್ಲಿ ಆ ಬಗೆಯ ಎರಡು ಕೊಂಡಿಗಳಿದ್ದವು; ಒಂದಕ್ಕೆ ಪೆಟ್ಟಿಗೆಯ ಮುಂಭಾಗದ ಯುಎಸ್‌ಬಿ ಸೇರಿತ್ತು, ಇನ್ನೊಂದು ಖಾಲಿ. ಹತ್ತು ಮೊಳೆಗಳ ಜಾಗದಲ್ಲಿ ಒಂದು ಮೊಳೆಯನ್ನು ಬೇಕೆಂದೇ ಬಿಟ್ಟಿರುವುದರಿಂದ ತಂತಿಯನ್ನು ತಿರುವುಮುರುವಾಗಿ ಹಾಕುವುದು ಸಾಧ್ಯವಿಲ್ಲ. ಒತ್ತಾಯ ಮಾಡಬಾರದು, ಅಷ್ಟೇ. ಚುಚ್ಚಿ, ತಗಡು ಮುಚ್ಚಿ, ಕರೆಂಟು ಕೊಟ್ಟೆವು. ಪಟ್ಟಿಯಲ್ಲಿ ಬ್ಲೂಟೂತ್ ಮೂಡಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದರಿಂದ ಕಲಿಯುವುದು ಅರ್ಧವೇ ಆಗುತ್ತಿತ್ತು. ಇಯರ್‌ಫೋನು ಕೂಡಿಕೊಂಡಿತೇನೋ ನಿಜ, ಆದರೆ ಹಾಡು ಹರಿದ ಬಟ್ಟೆಯಂತೆ ತುಂಡುತುಂಡಾಗಿ ಕೇಳತೊಡಗಿತು. “ನೋಡಿದ್ಯಾ, ಬೋರ್ಡೇ ಹೋಗೇತಿ” ಎಂದನು ಗೆಳೆಯ. ಒಂದು ದೋಷದ ಬೆನ್ನಿಗೆ ಇನ್ನೊಂದು ದೋಷ ಅವಿತುಕೊಂಡಿರುವುದುಂಟು. ಮೊದಲನೆಯದು ಸರಿಯಾದ ಮೇಲೆಯೇ ಎರಡನೆಯದು ಮುಖ ತೋರಿಸುವುದು. ಅದನ್ನು ಕಂಡು ಮೊದಲನೆಯದು ಸರಿಯಾಗಲೇ ಇಲ್ಲವೆಂದು ತಿಳಿಯುವುದು ನಮ್ಮ ಸಾಮಾನ್ಯ ತಪ್ಪು. ಯಂತ್ರದ ಹಿಂಭಾಗ ನೋಡಿದರೆ ಕಾರ್ಡಿಗೆ ಆಂಟೆನಾಗಳನ್ನು ತಿರುವಿರಲೇ ಇಲ್ಲ. ಹಾಗಾದರೆ ವೈಫೈ ಇಷ್ಟು ದಿನ ಹೇಗೆ ನಡೆಯಿತು? ಅವನು ಫೋನಿನ ಹಾಟ್‌ಸ್ಪಾಟನ್ನು ಅದೇ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದನು. ಗೇಣುದ್ದದ ದೂರಕ್ಕೆ ಪಿಸುಮಾತೂ ಕೇಳುತ್ತದೆ! ‘ವೈಫೈ ನಡೆಯುತ್ತದೆ, ಆದ್ದರಿಂದ ಆಂಟೆನಾ ಸರಿ’ ಎಂಬ ತರ್ಕ ಹೀಗೆ ಎಲ್ಲರ ಕಣ್ಣಿಗೂ ಮಣ್ಣೆರಚಿತ್ತು. ಡಬ್ಬಿಯಲ್ಲಿದ್ದ ಎರಡು ಆಂಟೆನಾಗಳನ್ನು ತಿರುವಿದಾಗ ಹಾಡು ಬಹುಮಟ್ಟಿಗೆ ತಿಳಿಯಾಯಿತು. ಆದರೂ ಪದಗಳನ್ನು ತುಂಬಿಟ್ಟ ಹೊರಗಿನ ಹಾರ್ಡ್ ಡಿಸ್ಕನ್ನು ಚುಚ್ಚಿದೊಡನೆ ಮತ್ತೆ ಕಡಿಯುತ್ತಿತ್ತು, ಕಿತ್ತರೆ ಸರಿಯಾಗುತ್ತಿತ್ತು. ಇದೂ ಭೂತಚೇಷ್ಟೆಯಲ್ಲ. ಯುಎಸ್‌ಬಿ ೩.೦ ಎಂಬ ವೇಗದ ಜಾತಿಯ ತೂತು, ತಂತಿಗಳಿಂದ ೨.೪ ಗಿಗಾಹರ್ಟ್ಸ್ ಬಯಲಿನಲ್ಲಿಯೇ ಗದ್ದಲ ಹೊರಸೂಸುತ್ತದೆಂದು ಇಂಟೆಲ್ ಕಂಪನಿಯೇ ೨೦೧೨ರಲ್ಲಿ ಪ್ರಕಟಿಸಿದ ಬರಹವೊಂದರಲ್ಲಿ ವಿವರಿಸಿದೆ. ಡಿಸ್ಕನ್ನು ಆಂಟೆನಾದ ಪಕ್ಕದಿಂದ ಕಿತ್ತು ಪೆಟ್ಟಿಗೆಯ ಮುಂಭಾಗದಲ್ಲಿ ಚುಚ್ಚಿದೆವು. ಅಜ್ಜಿಯ ಪದ ಕಡಿಯದೆ ಕೇಳಿತು. ಖರ್ಚಾದ ಹಣ, ಸೊನ್ನೆ.

ಇದರಿಂದ ಹೊರಡುವ ಕ್ರಮವನ್ನು ಮಿತ್ರರ ಉಪಯೋಗಕ್ಕಾಗಿ ಸಂಗ್ರಹವಾಗಿ ಹೇಳುತ್ತೇನೆ. ಮೊದಲನೆಯದಾಗಿ, ಕೂಡಿಸಬೇಕೆಂದಿರುವ ವಸ್ತು ಬೇರೊಂದು ಫೋನಿನೊಡನೆ ನಡೆಯುತ್ತದೆಯೇ ಎಂದು ನೋಡಬೇಕು. ನಡೆದರೆ, ಆ ಫೋನಿನ ಬ್ಲೂಟೂತನ್ನು ಆರಿಸಬೇಕು, ಇಲ್ಲವಾದರೆ ಹಳೆಯ ಪರಿಚಯದಿಂದ ಅದು ಫೋನನ್ನೇ ಮೊದಲು ಹಿಡಿದುಕೊಳ್ಳುತ್ತದೆ. ಎರಡನೆಯದಾಗಿ, ಯಂತ್ರ ತನ್ನ ಬ್ಲೂಟೂತನ್ನು ಕಾಣುತ್ತದೆಯೇ ಎಂದು ನೋಡಬೇಕು. ಎಂದೂ ಕಂಡೇ ಇಲ್ಲವಾದರೆ ತಂತಿಯನ್ನು ಹುಡುಕಬೇಕು. ಹಳದಿ ಗುರುತಿನೊಡನೆ ಕಂಡರೆ ಡ್ರೈವರ್ ಎಂಬ ಚಾಲಕ ತಂತ್ರಾಂಶವನ್ನು ಕಾರ್ಡಿನ ತಯಾರಕರಿಂದ ತಂದು ಹಾಕಿ ನೋಡಬೇಕು. ನಿನ್ನೆ ಇದ್ದದ್ದು ಇಂದು ಮಾಯವಾಗಿದ್ದರೆ, ಯಂತ್ರವನ್ನು ಮುಚ್ಚಿ, ಗೋಡೆಯ ಕರೆಂಟು ಕಿತ್ತು, ಆನ್ ಮಾಡುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಬೇಕು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದ್ದಾಗ ಬರಿದೆ ಮುಚ್ಚಿದರೆ ಯಂತ್ರ ಪೂರ್ತಿ ಮಲಗಿರುವುದಿಲ್ಲ. ಕಾರ್ಡಿಗೆ ಸಣ್ಣ ಪ್ರಮಾಣದಲ್ಲಿ ವಿದ್ಯುತ್ತು ಹರಿಯುತ್ತಲೂ ಇರಬಹುದು. ಅದಕ್ಕಾಗಿ ಈ ಪೂರ್ಣವಿಶ್ರಾಂತಿ. ಮೂರನೆಯದಾಗಿ, ಕಂಡರೂ ಕೂಡದಿದ್ದರೆ ಹಳೆಯ ನಂಟನ್ನು ಪಟ್ಟಿಯಿಂದ ಅಳಿಸಿ ಹೊಸದಾಗಿ ಕೂಡಿಸಬೇಕು. ನಾಲ್ಕನೆಯದಾಗಿ, ಕೂಡಿಯೂ ಕಡಿಯುತ್ತಿದ್ದರೆ ಆಂಟೆನಾ, ದೂರ, ನಡುವಿನ ತಗಡು, ಪಕ್ಕದ ಯುಎಸ್‌ಬಿ ೩.೦ ಇವನ್ನು ಶಂಕಿಸಬೇಕು. ಪ್ರತಿ ಸಲವೂ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಎಂಬುದು ತಿಳಿಯದೆ ಹೋಗುತ್ತದೆ; ಯಂತ್ರ ಸರಿಯಾದರೂ ನಮ್ಮ ಜ್ಞಾನ ಅಲ್ಲಿಯೇ ಉಳಿಯುತ್ತದೆ.

ಇಷ್ಟು ಹೇಳಿ, ಎಲ್ಲ ಅಂಗಡಿಯವರೂ ವಂಚಕರೆಂದಾಗಲಿ, ಯಾವ ಕಾರ್ಡೂ ಕೆಡುವುದಿಲ್ಲವೆಂದಾಗಲಿ ನಾನು ವಾದಿಸುತ್ತಿಲ್ಲ. ಕೆಡುವ ಕಾರ್ಡುಗಳೂ ಇವೆ. ಕೊಳ್ಳುವಾಗಲೇ ಹೊಂದದ ಕಾರ್ಡುಗಳೂ ಇವೆ: ಇಂಟೆಲ್‌ನ ಎಎಕ್ಸ್ ೨೧೦ ಅನೇಕ ಬಗೆಯ ಬೋರ್ಡುಗಳಲ್ಲಿ ನಡೆದೀತು, ನೋಡಲು ಅದರ ತಮ್ಮನಂತಿರುವ ಎಎಕ್ಸ್ ೨೧೧ ಅದಕ್ಕೆ ಅನುಕೂಲವಿರುವ ಇಂಟೆಲ್ ಬೋರ್ಡಿನಲ್ಲಿ ಮಾತ್ರ ನಡೆಯುತ್ತದೆ, ಎಎಮ್‌ಡಿ ಬೋರ್ಡಿನಲ್ಲಿ ನಡೆಯದು. ದಿನಕ್ಕೆ ಹತ್ತು ಯಂತ್ರ ನೋಡಬೇಕಾದ ಅಂಗಡಿಯವನಿಗೆ ತಂತಿಯೊಂದನ್ನು ಹುಡುಕುವುದಕ್ಕಿಂತ ಕಾರ್ಡು ಬದಲಿಸುವುದೇ ಬೇಗ ಮುಗಿಯುವ ಕೆಲಸ. ಹಾಗೆಯೇ ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಎಂಬ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಕರೆಂಟು ಕಿತ್ತ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ತಿಳಿದವರ ಬಳಿಗೆ ಹೋಗುವುದು ಅವಮಾನವಲ್ಲ. ಆದರೆ ಬರಿಗೈಯಲ್ಲಿ ಹೋಗುವುದಕ್ಕೂ, ‘ಇಯರ್‌ಫೋನು ಸರಿ, ತಂತಿ ಸರಿ, ಆಂಟೆನಾ ಸರಿ, ಡ್ರೈವರು ಹಾಕಿ ನೋಡಿದೆ, ಇನ್ನು ಉಳಿದದ್ದು ಇಷ್ಟೇ’ ಎಂದು ಹೇಳಿಕೊಂಡು ಹೋಗುವುದಕ್ಕೂ ಅಂತರವಿದೆ. ಹಾಗೆ ಹೇಳಿಕೊಂಡು ಹೋದವನಿಗೆ ಯಾರೂ ಸುಲಭವಾಗಿ ‘ಹೋಗೇತ್ರಿ’ ಎನ್ನಲಾರರು.

ಇನ್ನು, ಈ ಕ್ರಮ ಕಲಾ ಶಾಖೆಗೆ ಹೊರಗಿನದೆಂಬ ಮಾತು. ಹಾನಗಲ್ಲನ್ನು ಪಾನುಂಗಲ್ಲೆಂದು ಕರೆಯುವ ಹಳೆಯ ಶಾಸನಗಳನ್ನು ವಿದ್ವಾಂಸರು ಓದಿದ ಬಗೆಯನ್ನು ನೋಡಿರಿ. ಕಲ್ಲು ಒಡೆದಿದೆ, ಸಾಲು ಸವೆದಿದೆ. ಹಾಗೆಂದು ಅವರು ಶಾಸನವೇ ಹೋಯಿತೆಂದು ಬಿಟ್ಟು ಬರಲಿಲ್ಲ. ಎಲ್ಲಿಯವರೆಗೆ ಅಕ್ಷರ ಸ್ಪಷ್ಟ, ಎಲ್ಲಿ ಎಷ್ಟು ಅಕ್ಷರ ಲೋಪ, ಅಕ್ಕಪಕ್ಕದ ಶಾಸನಗಳ ಹೋಲಿಕೆಯಿಂದ ಅಲ್ಲಿ ಏನಿದ್ದಿರಬಹುದು ಎಂದು ಗುರುತು ಹಾಕುತ್ತ ಹೋದರು. ಕಂಡದ್ದನ್ನು ಕಂಡಂತೆ, ಊಹಿಸಿದ್ದನ್ನು ಊಹೆಯೆಂದೇ ಬರೆದರು. ತಂತಿ ಹುಡುಕುವ ವಿದ್ಯೆ ಇದಕ್ಕಿಂತ ಬೇರೆಯೇ? ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಷರೀಫ ಸಾಹೇಬರು ತಮ್ಮ ಕಾಲಕ್ಕೆ ಹೊಸದಾಗಿದ್ದ ಗಿರಣಿಯನ್ನು ಕುರಿತೂ ಪದ ಕಟ್ಟಿದರು. ಯಂತ್ರವನ್ನು ಕಂಡು ಅವರು ಬೆರಗಾದರು, ಆದರೆ ಬೆದರಲಿಲ್ಲ; ಅದನ್ನು ತಮ್ಮ ಮಾತಿಗೆ ತಂದುಕೊಂಡರು.

ಮಾತಿಗೆ ತಂದುಕೊಳ್ಳುವುದೇ ಇಲ್ಲಿ ಮುಖ್ಯವಾದುದು. ಕಾರ್ಡಿನ ಡಬ್ಬಿಯಲ್ಲಿ ತಂತಿಯೊಡನೆ ಒಂದು ಸೂಚನಾಪತ್ರವೂ ಇತ್ತು. ತಂತಿಯನ್ನು ಎಲ್ಲಿ ಹಾಕಬೇಕೆಂಬುದು ಅದರಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದನ್ನು ಯಾರೂ ಓದಿರಲಿಲ್ಲ. ಅದೇ ಎರಡು ಸಾಲು ಕನ್ನಡದಲ್ಲಿ ಗೋಡೆಯ ಮೇಲೆ ಬರೆದಿದ್ದರೆ ಎರಡು ಸಾವಿರ ರೂಪಾಯಿ ಉಳಿಯುತ್ತಿತ್ತು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಬೃಹತ್ತಾದ ಮರಗಳನ್ನು ನೀವೆಲ್ಲ ಕಂಡಿದ್ದೀರಿ. ಅವು ಹುಣಸೆಯ ಜಾತಿಯವಲ್ಲ, ಆಫ್ರಿಕಾ ಖಂಡದ ಬಾವೋಬಾಬ್ ಎಂಬ ಮರಗಳು. ಎಲ್ಲಿಂದಲೋ ಬಂದ ಆ ಮರಕ್ಕೆ ನಮ್ಮ ಜನ ‘ದೊಡ್ಡ ಹುಣಸೆ’ ಎಂದು ಹೆಸರಿಟ್ಟು ಅದನ್ನು ತಮ್ಮ ಊರಿನದಾಗಿ ಮಾಡಿಕೊಂಡರು. ಬ್ಲೂಟೂತ್ ಎಂಬ ಹೆಸರು ಹಾಗೆಯೇ ಇರಲಿ, ಅದಕ್ಕೆ ಅಡ್ಡಿಯಿಲ್ಲ. ಅದನ್ನು ಕುರಿತ ವಿಚಾರ ಮಾತ್ರ ನಮ್ಮ ಮಾತಿನಲ್ಲಿ ನಡೆಯಲಿ. ‘ಕಾಣುತ್ತದೆಯೇ, ಕೂಡುತ್ತದೆಯೇ, ಕಡಿಯುತ್ತದೆಯೇ?’ ಎಂಬ ಮೂರು ಕನ್ನಡ ಕ್ರಿಯಾಪದಗಳಲ್ಲಿ ಇಡೀ ದೋಷಪರೀಕ್ಷೆ ಅಡಗಿದೆಯೆಂಬುದನ್ನು ಮೇಲೆ ಕಂಡಿರಿ.

ಆದುದರಿಂದ ಕಾಲೇಜಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಹದಿನೈದು ದಿನಗಳಿಗೊಮ್ಮೆ, ಒಂದು ಮಧ್ಯಾಹ್ನ, ಖಾಲಿ ಇರುವ ಒಂದು ಕೋಣೆಯಲ್ಲಿ ಒಂದು ಮೇಜು ದೊರೆಯಲಿ. ಉಪಯೋಗಕ್ಕೆ ಬಾರದೆ ಮೂಲೆ ಸೇರಿರುವ ಒಂದು ಹಳೆಯ ಗಣಕಯಂತ್ರ, ಒಂದೆರಡು ತಿರುಪುಳಿ, ಇಷ್ಟು ಸಾಕು. ಕೆಟ್ಟ ವಸ್ತುಗಳನ್ನು ವಿದ್ಯಾರ್ಥಿಗಳು ತರಲಿ. ಒಂದು ದಪ್ಪ ನೋಟುಪುಸ್ತಕದಲ್ಲಿ ನಾಲ್ಕು ಕಲಮು ಹಾಕಿ, ಏನು ಕಂಡೆವು, ಏನು ಮಾಡಿದೆವು, ಏನು ಬದಲಾಯಿತು, ಏನು ತಿಳಿಯಿತು ಎಂದು ಕನ್ನಡದಲ್ಲಿ ಬರೆದಿಡೋಣ. ಈ ವರ್ಷದವರು ಬರೆದದ್ದು ಮುಂದಿನ ವರ್ಷದವರ ಹಣ ಉಳಿಸಲಿ. ಇತಿಹಾಸದ ಗುರುಗಳು ಸಾಕ್ಷ್ಯವನ್ನು ತೂಗುವ ಬಗೆಯನ್ನೂ, ತರ್ಕಶಾಸ್ತ್ರ ಬಲ್ಲ ಗುರುಗಳು ಕಾರ್ಯಕಾರಣಗಳ ನಂಟನ್ನೂ ಅಲ್ಲಿ ಹೇಳಿಕೊಟ್ಟರೆ ಪಾಠಕ್ಕೂ ಬಲ ಬರುತ್ತದೆ. ನಮ್ಮ ಸೋದರಿಯರು ಮುಖ್ಯವಾಗಿ ಮುಂದೆ ಬರಬೇಕು. ಮನೆಯಲ್ಲಿ ತಿರುಪುಳಿ ಅಣ್ಣನ ಕೈಯಲ್ಲಿಯೇ ಇರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ನಾವು ಓದಿ ಹೊರಬಿದ್ದ ಮೇಲೆ ಶಿಕ್ಷಕರಾಗುವೆವೋ, ಗುಮಾಸ್ತರಾಗುವೆವೋ, ಮರಳಿ ಹೊಲಕ್ಕೇ ಹೋಗುವೆವೋ, ಹೇಳಬಲ್ಲವರಾರು? ಎಲ್ಲಿ ಹೋದರೂ ಕೆಟ್ಟ ಯಂತ್ರಗಳು ಎದುರಾಗುತ್ತವೆ. ಕೆಟ್ಟ ಯಂತ್ರಗಳಿಗಿಂತ ಹೆಚ್ಚಾಗ ‘ಹೋಗೇತಿ’ ಎಂದು ಕೈತೊಳೆದುಕೊಳ್ಳುವ ಮಾತುಗಳು ಎದುರಾಗುತ್ತವೆ. ಶಾಲೆ ಹೋಗಿದೆ, ಕೆರೆ ಹೋಗಿದೆ, ಊರು ಹೋಗಿದೆ, ಕಾಲವೇ ಹೋಗಿದೆ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರೆಲ್ಲರ ನಡುವೆ, ‘ತಡೆಯಿರಿ, ಎಲ್ಲಿಯವರೆಗೆ ಸರಿಯಾಗಿದೆ ನೋಡೋಣ’ ಎನ್ನುವವನೊಬ್ಬ ಇದ್ದರೆ ಅಷ್ಟರಮಟ್ಟಿಗೆ ಆ ಊರಿಗೆ ಆಸರೆ. ವಿದ್ಯೆಯೆಂಬುದು ಅಂಥವನೊಬ್ಬನನ್ನು ತಯಾರು ಮಾಡದಿದ್ದರೆ, ನಮ್ಮ ಪದವಿಪತ್ರವೂ ಡಬ್ಬಿಯಲ್ಲಿಯೇ ಉಳಿದ ಆ ತಂತಿಯಂತೆ, ಬಿಚ್ಚದೆ ಬಿಟ್ಟ ಸಾಮಾನಾದೀತು.